ಪರಿಮಳಾಳ ಮೂರನೇ ಸಿಟ್ಟಿಂಗ್

1

ಎಲ್ಲಿಂದ ಶುರು ಮಾಡಲಿ? ಕಾದ ಎಣ್ಣೆಯಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಲೇಸರ್‌ನಿಂದ ಶುರು ಮಾಡಿದರೆ ಜಾಹೀರಾತು ಅಂದುಕೊಳ್ಳುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ನಾನು ಆ್ಯಸಿಡ್ ಹಾಕಿದ್ದೆ, ಜೊತೆಗೊಬ್ಬ ದುಷ್ಟ ಪ್ರೇಮಿಯನ್ನೂ ಹಾಕಿದ್ದೆ. ಪರಿಮಳಾ ಓದಿ ಹಾಳೆ ವಾಪಸ್ ಕೊಟ್ಟಳು.

"ಅಷ್ಟು ದೊಡ್ಡ ಕಥಿ ಇಲ್ರಿ ನಂದು. ಬಜಿ ಕರಿಯೋ ಎಣ್ಣಿ ಅದು. ಖರೇ ಬರೀರಿ, ಇಲ್ಲಾಂದ್ರ ಬಿಡ್ರಿ."

ಸರಿ, ಖರೇನೇ ಬರೆಯುತ್ತೇನೆ. (ನನಗೆ ಅಭ್ಯಾಸ ಕಡಿಮೆ.)

2

ಪರಿಮಳಾ ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮೂವತ್ತಾರು ವರ್ಷ. ಬಲಗೆನ್ನೆಯಿಂದ ಕೊರಳಿನವರೆಗೆ ಚರ್ಮ ಗಂಟುಗಂಟಾಗಿ ಎಳೆದುಕೊಂಡಿದೆ. ಅವಳ ಅಣ್ಣ ಹಣಮೇಶ ಶಹಾಪುರದಲ್ಲಿ ಸಾಲಿ ಮಾಸ್ತರ.

ಸಣ್ಣವರಿದ್ದಾಗ ಒಂದು ದಿನ ಕಕ್ಕೇರಾದ ಮನೆಯಂಗಳದಲ್ಲಿ ಅವ್ವ ಬಾಲಮ್ಮ ಬಜಿ ಕರಿಯುತ್ತಿದ್ದಳು. ಮೊದಲನೇ ಬಜಿ ಯಾರಿಗೆ ಅಂತ ಮಕ್ಕಳಿಗೆ ಜಗಳ ಹತ್ತಿತು. ಅವಳಿಗೆ ಏಳು, ಅವನಿಗೆ ಹತ್ತು. ಅವನು ದೂಕಿದ. ಅವಳು ಒಲೆಯ ಮೇಲೆ ಬಿದ್ದಳು, ಎಣ್ಣೆ ಅವಳ ಮೇಲೆ ಬಿತ್ತು.

ಅಪ್ಪ ಬರುವ ಮೊದಲೇ ಅವ್ವ ಇಬ್ಬರಿಗೂ ಹೇಳಿದಳು: "ಕಾಲು ಜಾರಿ ತಾನೇ ಬಿದ್ದಾಳ. ತಿಳೀತಿಲ್ಲೋ? ನಿಮ್ಮಪ್ಪಗ ಗೊತ್ತಾದ್ರ ಇವನ್ನ ಜೀವಂತ ಬಿಡಂಗಿಲ್ಲ."

ಉರಿಯುವ ಮುಖದಲ್ಲೇ ಪರಿಮಳಾ ಹೂಂ ಅಂದಳು. ಇಪ್ಪತ್ತೊಂಬತ್ತು ವರ್ಷ ಹೂಂ ಅನ್ನುತ್ತಲೇ ಬಂದಳು. ಹೆಣ್ಣು ನೋಡಲು ಬಂದು ಚಹಾ ಕುಡಿದು ಎದ್ದು ಹೋದವರಿಗೂ ಅದನ್ನೇ ಹೇಳಿದಳು. ಅಪ್ಪ ತೀರಿಕೊಂಡ. ಹೋದ ವರ್ಷ ಅವ್ವನೂ ಹೋದಳು. ಈಗ ನಿಜ ಗೊತ್ತಿರುವವರು ಇಬ್ಬರೇ. (ನನ್ನನ್ನೂ ನಿಮ್ಮನ್ನೂ ಹಿಡಿಯಬೇಡಿ.)

ಮತ್ತೆ 2, ಯಾಕೆಂದರೆ ಲೇಸರ್ ಇನ್ನೂ ಬಂದಿಲ್ಲ

ಅವ್ವ ತೀರಿಕೊಂಡ ಒಂದು ತಿಂಗಳಿಗೆ ಹಣಮೇಶನ ಫೋನು ಬಂತು. "ತಂಗಿ, ಯಾದಗಿರಿ ದವಾಖಾನಿಗೆ ಲೇಸರ್ ಬಂದದ. ಎಂಥಾ ಸುಟ್ಟ ಕಲೀನೂ ಹೋಗ್ತದಂತ. ಎಲ್ಲಾ ನಾ ನೋಡ್ಕೋತೀನಿ, ನೀ ಬಾ."

ಅವತ್ತಿನ ಬಗ್ಗೆ ಕೊನೆಗೂ ಮಾತಾಡಬೇಕೆಂದೇ ಕರೆದಿದ್ದಾನೆ ಅಂತ ಅವಳಿಗನ್ನಿಸಿತು. ಶಹಾಪುರದಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತವನು ಯಾದಗಿರಿ ಬರುವವರೆಗೂ ಪರೀಕ್ಷೆಯ ಡ್ಯೂಟಿ ಬಗ್ಗೆಯೇ ಹೇಳಿದ.

ಡಾಕ್ಟರ್ ನಾಗರತ್ನಾ ಕಲೆಯನ್ನು ಬೆರಳಿನಿಂದ ಒತ್ತಿ ಕೇಳಿದರು: "ಹ್ಯಾಂಗಾತಮ್ಮ ಇದು?"

ಅವಳು ಬಾಯಿ ತೆರೆಯುವ ಮೊದಲೇ ಹಣಮೇಶ ಅಂದ: "ಸಣ್ಣಾಕಿದ್ದಾಗ ತಾನೇ ಬಿದ್ದಾಳ್ರಿ."

"ಪೂರ್ತಿ ಹೋಗಂಗಿಲ್ಲ," ಅಂದರು ಡಾಕ್ಟರ್. "ಗಂಟು ಮೆತ್ತಗಾಗ್ತಾವ, ಅಷ್ಟೇ. ಬಿಸಿಲಿಗೆ ಮಾತ್ರ ಹೋಗಬ್ಯಾಡ್ರಿ, ಕಪ್ಪಾಗ್ತದ." (ಬೆಂಕಿಯಂಥ ಬಿಸಿಲಿನ ಯಾದಗಿರಿಯಲ್ಲಿ ಕೂತು ಹೇಳಿದ ಮಾತಿದು. ನಾನು ಕಟ್ಟಿದ್ದಲ್ಲ.)

ಮುಖ ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ತಾಸು ಕೂಡಿಸಿದರು. ಕಣ್ಣಿನ ಮೇಲೆ ಮುಚ್ಚಳ ಇಟ್ಟರು. ಯಂತ್ರ ಟಿಕ್ ಟಿಕ್ ಅನ್ನುತ್ತ ಹಳೇ ಚರ್ಮದಲ್ಲಿ ಸೂಜಿಮೊನೆಯಷ್ಟು ಸಣ್ಣ ಸಾವಿರ ತೂತು ಸುಡುತ್ತ ಹೋಯಿತು. ಹೊಸ ಚರ್ಮ ಬರಬೇಕಾದರೆ ಹಳೆಯದನ್ನು ಮತ್ತೆ ಗಾಯ ಮಾಡಬೇಕಂತೆ. ಸುಟ್ಟ ವಾಸನೆ ಮಾತ್ರ ಅವತ್ತಿನ ಅಂಗಳದ್ದೇ.

ಎರಡನೇ ಸಲಕ್ಕೆ ಗಂಟು ತುಸು ಇಳಿದವು. ಹಣಮೇಶ ಮೊಬೈಲಿನಲ್ಲಿ ಫೋಟೋ ತೆಗೆದು, "ಹೋಗಾಕತ್ತದ ನೋಡು!" ಅಂದ. ಅಷ್ಟು ಹಗುರಾದ ಅವನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಕಲೆ ಕಾಣದಂತಾದ ದಿನ ಇವನು ಏನೂ ಆಗಲೇ ಇಲ್ಲ ಅನ್ನುವ ಹಾಗೆ ಎದ್ದು ಹೋಗುತ್ತಾನೆ.

3

ಮೂರನೇ ಸಿಟ್ಟಿಂಗಿನಲ್ಲಿ, ಕಣ್ಣು ಮುಚ್ಚಿಸಿಕೊಂಡು ಮಲಗಿದ್ದಾಗಲೇ, ಪಕ್ಕದ ಕುರ್ಚಿಯಲ್ಲಿದ್ದ ಅಣ್ಣನನ್ನು ಪರಿಮಳಾ ಕೇಳಿಬಿಟ್ಟಳು.

"ಅಣ್ಣಾ, ಅವತ್ತು ನೀ ದೂಕಿದ್ದಿಲ್ಲೇನು?"

ಯಂತ್ರ ನಿಂತಿತು.

ಇಲ್ಲಿ ನಾನು ಬರೆದೆ: ಹಣಮೇಶ ಬಿಕ್ಕಿ ಬಿಕ್ಕಿ ಅತ್ತ, ತಂಗಿಯ ಕೈ ಹಿಡಿದುಕೊಂಡ.

"ಅಳಲಿಲ್ರಿ ಅವ," ಅಂದಳು ಪರಿಮಳಾ. "ಗೀಟು ಹೊಡೀರಿ ಅದಕ್ಕ."

ಹೊಡೆದೆ. ಇನ್ನೊಂದು ಬರೆದೆ: ಅವನು ಸಿಟ್ಟಿನಿಂದ ಹೊರಗೆ ನಡೆದ.

"ಅದೂ ಅಲ್ರಿ. ಅಲ್ಲೇ ಕುಂತಿದ್ದ."

ಹಾಗಾದರೆ ಆದದ್ದು ಇಷ್ಟು. ಕತ್ತಲಲ್ಲಿ ಮಲಗಿದ ಅವಳಿಗೆ ಕುರ್ಚಿ ಕಿರ್ ಅಂದದ್ದು ಕೇಳಿಸಿತು. ಆಮೇಲೆ ಅಣ್ಣನ ದನಿ, ಡಾಕ್ಟರಿಗೆ: "ಇನ್ನ ಎಷ್ಟೊತ್ತು ಆಗ್ತದ್ರಿ ಮೇಡಂ?"

4

(ಹರಿದು ಹಾಕಿದ್ದೇನೆ. ಕ್ಷಮೆಯ ಕುರಿತು ಒಳ್ಳೊಳ್ಳೆ ಮಾತುಗಳಿದ್ದವು.)

5

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನವರೆಗೂ ಅವನು ಕೊಡೆಯನ್ನು ಅವಳ ಮೇಲೇ ಹಿಡಿದು, ತಾನು ಬಿಸಿಲಲ್ಲಿ ನಡೆದ. ಶಹಾಪುರದಲ್ಲಿ ತಿರುಗಿ ನೋಡದೆ ಇಳಿದ. ಆಮೇಲೆ ಎರಡು ತಿಂಗಳು ಫೋನಿಲ್ಲ. ನಾಲ್ಕನೇ ಸಿಟ್ಟಿಂಗಿಗೆ ಅವಳು ಹೋಗಲಿಲ್ಲ. ಮೆತ್ತಗಾದ ಚರ್ಮ ಹಾಗೇ ಉಳಿಯಿತು, ಅಂಚು ಮಾತ್ರ ಕಪ್ಪಾಯಿತು.

ಈಗ ಅವಳ ಅಡುಗೆಮನೆಯಲ್ಲಿ ಇದನ್ನು ಬರೆಯುತ್ತಿರುವಾಗ ಹಣಮೇಶನ ಫೋನ್ ಬಂದಿದೆ. ನನಗೂ ಕೇಳಿಸುತ್ತಿದೆ.

"ತಂಗಿ... ಅವತ್ತು ಅಂಗಳದಾಗ..."

ಅಷ್ಟಕ್ಕೇ ನಿಂತ. ಉಸಿರು ಮಾತ್ರ ಬರುತ್ತಿದೆ. ಮುಂದಿನ ವಾಕ್ಯ ನನಗೆ ಗೊತ್ತು, ಇಪ್ಪತ್ತು ಬಗೆಯಲ್ಲಿ ಬರೆಯಬಲ್ಲೆ. ಪೆನ್ನು ಎತ್ತಿದೆ. ಪರಿಮಳಾ ನನ್ನ ಹಾಳೆಯ ಮೇಲೆ ಅಂಗೈ ಊರಿದಳು.

"ನೀವು ಬರೀಬ್ಯಾಡ್ರಿ," ಅಂದಳು ಮೆಲ್ಲಗೆ. "ಅವ ಹೇಳಲಿ."