ಸಮ್ರೀನ್ ಓದಿದ ನಾಲ್ಕು ಪದಗಳು

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಮಂಜು ಇನ್ನೂ ಕರಗದ ಹೊತ್ತಿಗೆ ಸಮ್ರೀನ್ ಕಿಟಕಿಯ ಪಕ್ಕ ಕೂತು ಚಿತ್ರ ಬರೆಯುತ್ತಾಳೆ. ಬಳ್ಳಿ, ಎಲೆ, ಹೆಸರಿಲ್ಲದ ಹಕ್ಕಿಗಳು. ಎಲ್ಲವೂ ಬಟ್ಟೆಯ ಮೇಲೆ ಅಚ್ಚು ಹಾಕುವ ಡಿಸೈನುಗಳು. ತಾನು ಕಾಣದ ಪೋರ್ಚುಗಲ್ ದೇಶದ ಬೀದಿಯಲ್ಲಿ ಯಾರೋ ಈ ಹಕ್ಕಿಗಳನ್ನು ತೊಟ್ಟು ನಡೆಯುತ್ತಾರೆ ಎಂದು ನೆನೆದರೆ ಅವಳಿಗೆ ಅರೆನಿದ್ದೆಯಲ್ಲಿ ತೇಲಿದಂತಾಗುತ್ತದೆ. ಅಲ್ಲಿನ ಅಂಗಡಿಯವರು ಡಿಸೈನಿನ ಹಣವನ್ನು ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದಲ್ಲಿ ಅವಳ ಮೊಬೈಲಿನ ವ್ಯಾಲೆಟ್‌ಗೇ, ಅಂದರೆ ಆ ನಾಣ್ಯ ಇಡುವ ಆ್ಯಪಿಗೇ, ಕಳಿಸುತ್ತಾರೆ.

ಹೊಸ ಗಿರಾಕಿಗಳು ಸಿಗಲೆಂದು ಅವಳು ಇನ್‌ಸ್ಟಾಗ್ರಾಂ ಪುಟದಲ್ಲಿ ಹೆಸರು, ಫೋನ್ ನಂಬರಿನ ಜೊತೆಗೆ ಬಿಟ್‌ಕಾಯಿನ್ ವಿಳಾಸವನ್ನೂ, ಅಂದರೆ ಹಣ ಬಂದು ಸೇರುವ ಉದ್ದನೆಯ ಅಕ್ಷರಸಾಲನ್ನೂ, ಹಾಕಿದ್ದಳು. ಹತ್ತು ತಿಂಗಳಿಂದ ಅದೊಂದೇ ವಿಳಾಸ.

ಒಂದು ಬುಧವಾರ ಫೋನ್ ಬಂತು. ಗಂಡಸಿನ ಮೆತ್ತಗಿನ ದನಿ.

"ವ್ಯಾಲೆಟ್ ಕಂಪನಿಯಿಂದ ಮೇಡಂ. ನಿನ್ನೆ ಹನ್ನೊಂದು ಗಂಟೆಗೆ ನಿಮಗೆ ದುಡ್ಡು ಬಂತಲ್ವಾ? ಹೋದ ತಿಂಗಳು ಐದನೇ ತಾರೀಖೂ ಬಂದಿತ್ತು. ಈಗ ಯಾರೋ ಅದನ್ನ ಕದೀತಿದ್ದಾರೆ. ನಿಮ್ಮ ಹನ್ನೆರಡು ಗುಟ್ಟಿನ ಪದ ಹೇಳಿ, ಈಗಲೇ ಲಾಕ್ ಮಾಡ್ತೀನಿ."

ಅಮ್ಮನಿಗೂ ಹೇಳದ ತಾರೀಖುಗಳು ಇವನಿಗೆ ಗೊತ್ತು. ಹಾಗಾದರೆ ಕಂಪನಿಯವನೇ ಇರಬೇಕು! ಕನಸಿನಲ್ಲಿ ನಡೆಯುವವಳಂತೆ ಸಮ್ರೀನ್, ವ್ಯಾಲೆಟ್ಟಿನ ಕೀಲಿಯಂಥ ಆ ಪದಗಳನ್ನು ಬರೆದಿಟ್ಟ ಚೀಟಿಯನ್ನು ಬೀರುವಿನಿಂದ ತೆಗೆದು ಓದತೊಡಗಿದಳು. ಒಂದು ಪದ, ಎರಡು, ಮೂರು, ನಾಲ್ಕು.

ಅಷ್ಟರಲ್ಲಿ ಪಕ್ಕದ ಮನೆಯ ಗೆಳತಿ ತನುಶ್ರೀ ಒಳಗೆ ಬಂದಳು. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಅವಳದು. ಮಾತು ಕಿವಿಗೆ ಬಿದ್ದದ್ದೇ ತಡ, ಫೋನ್ ಕಿತ್ತುಕೊಂಡು ಕಟ್ ಮಾಡಿದಳು.

"ಏನ್ ಮಾರಾಯ್ತಿ ನೀನು! ಎಷ್ಟು ಪದ ಹೇಳ್ದೆ?"

"ನಾಲ್ಕು... ಅವ್ನಿಗೆ ಎಲ್ಲಾ ಗೊತ್ತಿತ್ತು ತನು."

"ಗೊತ್ತಿರುತ್ತೆ. ಬಿಟ್‌ಕಾಯಿನ್ ಲೆಕ್ಕ ಇಡೀ ಪ್ರಪಂಚಕ್ಕೆ ಕಾಣ್ಸುತ್ತೆ. ಆ ವಿಳಾಸ ಯಾರದು ಅನ್ನೋದೊಂದೇ ಕಾಣಲ್ಲ. ಅದನ್ನ ನೀನೇ ಹೆಸರು ಸಮೇತ ಹಾಕಿದ್ದೀಯಲ್ಲ!"

ಇಬ್ಬರೂ ಆಗಲೇ ಕೂತು ಹೊಸ ವ್ಯಾಲೆಟ್ ತೆರೆದು, ಇದ್ದ ಹಣವನ್ನೆಲ್ಲ ಅದಕ್ಕೆ ಸಾಗಿಸಿದರು. ಹಣ ತಲುಪುವವರೆಗೆ ಸಮ್ರೀನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬೀದಿಯ ಪ್ರತಿ ಕಿಟಕಿಯೂ ತನ್ನನ್ನೇ ನೋಡುತ್ತಿದೆ ಅನ್ನಿಸಿತು.

ಚಹಾ ತಂದ ತಾಯಿ ಸಲೀಮಾಗೆ, ಹೆಸರು ಹಾಕಿದ್ದೇ ತಪ್ಪು ಅನ್ನುವ ಮಾತು ಸರಿಬರಲಿಲ್ಲ. "ನಾವೇನು ಕದ್ದಿದ್ದೀವಾ ಬೇಟಾ, ಮುಚ್ಚಿಡೋಕೆ?"

"ಇಲ್ಲ ಆಂಟಿ. ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತೀವಲ್ಲ, ಅದೇನು ಕಳ್ಳತನಾನಾ? ಸರ್ಕಾರಕ್ಕೆ ತೆರಿಗೆ ಲೆಕ್ಕ ಪೂರ್ತಿ ಕೊಡಲೇಬೇಕು. ಬೀದೀಲಿ ಹೋಗೋರಿಗೆಲ್ಲ ಯಾಕೆ ಕೊಡ್ಬೇಕು?"

ಸಲೀಮಾ ಚಹಾದ ಲೋಟಗಳನ್ನು ಕೆಳಗಿಟ್ಟರು. "ಮೊನ್ನೆ ಇವ್ಳು ಶಿವಮೊಗ್ಗದಲ್ಲಿ ಒಬ್ಬರ ಹತ್ರ ಹಳೇ ಟ್ಯಾಬ್ ತಗೊಂಡ್ಳಲ್ಲ, ಇದೇ ದುಡ್ಡು ಕೊಟ್ಟು. ಅವ್ರಿಗೂ ಕಾಣ್ಸುತ್ತಾ?"

"ಕಾಣ್ಸುತ್ತೆ. ಬಂದಿದ್ದು, ಉಳಿದಿದ್ದು, ಎಲ್ಲಾ. ಅದಕ್ಕೇ ಖರ್ಚಿಗೆ ಬೇರೆ ಚಿಕ್ಕ ವ್ಯಾಲೆಟ್ ಇಟ್ಕೋಬೇಕು. ಹಣ ಬರೋಕೆ ಪ್ರತಿ ಸಲ ಹೊಸ ವಿಳಾಸ ಕೊಡ್ಬೇಕು. ವ್ಯಾಲೆಟ್ಟೇ ಮಾಡ್ಕೊಡುತ್ತೆ."

ಸಲೀಮಾ ಮಗಳ ತಲೆ ಸವರಿದರು. "ಮೊದಲು ಆ ಪುಟದಿಂದ ವಿಳಾಸಾನ ತೆಗಿ."

ಸಮ್ರೀನ್ ತೆಗೆದಳು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರನ್ನೂ ಕೊಟ್ಟಳು. ಮರುದಿನ ಅದೇ ಮೆತ್ತಗಿನ ದನಿ ಇನ್ನೊಂದು ನಂಬರಿನಿಂದ ಬಂತು. ಈ ಸಲ ಫೋನ್ ತೆಗೆದವರು ಸಲೀಮಾ. "ನಮ್ಮ ಮನೇಲಿ ಗುಟ್ಟು ಗುಟ್ಟಾಗೇ ಇರುತ್ತಪ್ಪ" ಎಂದು ಇಟ್ಟುಬಿಟ್ಟರು.

ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಹಣ ಪಡೆಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ವಿಳಾಸವನ್ನು ಹೆಸರಿನ ಜೊತೆ ಎಲ್ಲೂ ಹಾಕಬೇಡಿ. ಒಂದೇ ವಿಳಾಸವನ್ನು ಮತ್ತೆ ಮತ್ತೆ ಬಳಸಬೇಡಿ. ಗುಟ್ಟಿನ ಪದ ಕೇಳುವವನು ನಿಮ್ಮ ಬಗ್ಗೆ ಎಷ್ಟೇ ತಿಳಿದಿದ್ದರೂ ನಿಮ್ಮವನಲ್ಲ. ಇವತ್ತೇ ನಿಮ್ಮ ಪುಟವನ್ನೊಮ್ಮೆ ತೆರೆದು ನೋಡಿ.