ಎರಡನೇ ಸಲ ಹೋಗಬಹುದಾದಷ್ಟು ದೂರ

ರಿಕ್ಷಾದವನು ನಿಂತ. ಶಿವಾನಿಯನ್ನು ನೋಡಿದ, ಅವಳ ವ್ಹೀಲ್‌ಚೇರ್ ನೋಡಿದ, ಕೈ ಅಲ್ಲಾಡಿಸಿ ಹೊರಟೇ ಹೋದ. ಅವತ್ತು ಬೆಳಿಗ್ಗೆ ಹಾಗೆ ಹೋದವರಲ್ಲಿ ಅವನು ಮೊದಲಿಗನೇನೂ ಅಲ್ಲ. ಪುಣೆಯ ಸದಾಶಿವ ಪೇಠದ ರಸ್ತೆಯಲ್ಲಿ ಬಿಸಿಲು ಏರುತ್ತಿತ್ತು, ಕಾಲೇಜಿನಲ್ಲಿ ಪರೀಕ್ಷೆಯ ಹೊತ್ತು ಹತ್ತಿರವಾಗುತ್ತಿತ್ತು.

ಕೊನೆಗೊಬ್ಬ ಹತ್ತಿಸಿಕೊಂಡ. ಶಿವಾನಿಯ ತಾಯಿ ಶೈಲಾ ಕುರ್ಚಿಯನ್ನು ಮಡಚಿ ತೊಡೆಯ ಮೇಲೆ ಹಿಡಿದು ಕೂತಳು. ಗಾಲಿ ರಿಕ್ಷಾದ ಹೊರಗೆ ಚಾಚಿತ್ತು. ಪಕ್ಕದಲ್ಲಿ ಸ್ಕೂಟರ್ ಬಂದಾಗಲೆಲ್ಲ ಅವಳು ಅದನ್ನು ಒಳಗೆಳೆದುಕೊಳ್ಳುತ್ತಿದ್ದಳು. ಕಾಲೇಜು ಮುಟ್ಟಿದಾಗ ಪ್ರಶ್ನೆಪತ್ರಿಕೆ ಕೊಟ್ಟಾಗಿತ್ತು.

ಹುಟ್ಟಿದಾಗಿನಿಂದ ಶಿವಾನಿಯ ಕಾಲುಗಳಲ್ಲಿ ಬಲವಿಲ್ಲ. ಅದಕ್ಕೆ ಮನೆಯವರು ಹೊಂದಿಕೊಂಡಿದ್ದರು. ಆದರೆ ದಿನಾ ಬೆಳಗಾದರೆ ರಸ್ತೆಯಲ್ಲಿ ನಿಂತು ಬೇಡಿಕೊಳ್ಳುವುದಕ್ಕೆ ಶೈಲಾ ಹೊಂದಿಕೊಳ್ಳಲಿಲ್ಲ. ಆ ಸಂಜೆ ಗಂಡ ಸಿದ್ದಾರೂಢ ಮಾರ್ಕೆಟ್ ಯಾರ್ಡಿನ ಗುಮಾಸ್ತಿಕೆ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹೇಳಿದಳು:

"ಕಾರ್ ತಗೊಳ್ಳೂಣ್ರಿ. ಹಳೇದಾದ್ರೂ ಆಗ್ಲಿ. ನಾನ ನಡಸ್ತೀನಿ."

"ನೀನು?" ಸಿದ್ದಾರೂಢ ನಕ್ಕ. ಶೈಲಾ ನಗಲಿಲ್ಲ.

ಮರುದಿನವೇ ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದಳು. ಗರ್ದಿಯ ನಡುವೆ ಗಾಡಿ ಬಂದ್ ಬಿದ್ದರೆ ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಬೈಸಿಕೊಂಡೇ ಮತ್ತೆ ಚಾವಿ ತಿರುಗಿಸುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಲೈಸೆನ್ಸ್ ಕೈಗೆ ಬಂತು. ಇನ್ನು ಗಾಡಿಯೊಂದು ಬೇಕಿತ್ತು.

ಆಗ ಸಿದ್ದಾರೂಢನ ಮೊಬೈಲಿಗೆ ಒಂದು ವಿಡಿಯೋ ಬಂತು. ಹುಬ್ಬಳ್ಳಿಯಲ್ಲಿ ಹಳೇ ಕಾರು ಮಾರುವ ಹುಲಿಗೆಪ್ಪ ಅನ್ನುವವನು ಕಳಿಸಿದ್ದು. ದೂರದ ಬೀಗರ ಪೈಕಿ ಅಂತ ಯಾರೋ ನಂಬರ್ ಕೊಟ್ಟಿದ್ದರು. ಬಿಳೀ ಕಾರು, ಒಳಗೆ ಹೊಸ ಸೀಟ್ ಕವರ್, ಪುಣೆಯ ಧಾರಣೆಗಿಂತ ಭಾಳ ಸೋವಿ.

ಅವರಿರುವ ವಾಡಾದಲ್ಲಿ, ಅಂದರೆ ಹಳೇ ವಠಾರದಲ್ಲಿ, ಮೇಲಿನ ಮನೆಯಲ್ಲಿ ಧಾರವಾಡದ ಕಡೆಯ ಇಂದೂ ಅನ್ನುವವಳಿದ್ದಾಳೆ. ವಿಮೆ ಕಚೇರಿಯಲ್ಲಿ ಅವಳ ಕೆಲಸ. ಮೆಟ್ಟಿಲ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳಿಗೆ ಶೈಲಾ ವಿಡಿಯೋ ತೋರಿಸಿದಳು.

"ಗಾಡಿ ಚಂದ ಅದ ಶೈಲಕ್ಕ. ಆದ್ರ ಹುಬ್ಬಳ್ಳಿ ಮಟಾ ಯಾಕ?"

"ಸೋವಿ ಅದ. ಮತ್ತ ನಮ್ಮ ಮಂದಿ. ಇಲ್ಲಿ ಮರಾಠ್ಯಾಗ ಚೌಕಾಶಿ ಮಾಡೂದಕ್ಕಿಂತ ನಮ್ಮ ಭಾಷಾದಾಗ ಮಾತಾಡಬಹುದಲ್ಲ."

"ಮಾತಾಡಬಹುದು. ಆದ್ರ ಅದು ಕರ್ನಾಟಕದ ನಂಬರಿನ ಗಾಡಿ. ಇಲ್ಲೇ ಇಟ್ಟು ಓಡಸಬೇಕಂದ್ರ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದ್ರ ತಕರಾರಿಲ್ಲಂತ ಪತ್ರ, ತರಬೇಕು, ಇಲ್ಲಿ ಹೊಸದಾಗಿ ನೋಂದಣಿ ಆಗಬೇಕು, ಇಲ್ಲಿನ ರೋಡ್ ಟ್ಯಾಕ್ಸ್ ತುಂಬಬೇಕು. ಇಷ್ಟೆಲ್ಲಾ ಹಿಡಿದ ಮ್ಯಾಲೆ ಸೋವಿ ಎಲ್ಲಿ ಉಳೀತು?"

ಶೈಲಾ ವಿಡಿಯೋವನ್ನು ಮತ್ತೆ ಹಚ್ಚಿದಳು. ಇಂದೂ ಬಿಡಲಿಲ್ಲ.

"ಗಾಡಿ ನಂಬರ್ ಕೇಳಿ ತಗೋರಿ. ಸಾರಿಗೆ ಇಲಾಖೆಯ ಆ್ಯಪಿನಾಗ ಹಾಕಿ ನೋಡೂಣು. ಸಾಲ ಅದ ಏನು, ವಿಮೆ ನಡ್ದದ ಏನು, ಕೂತಲ್ಲೇ ತಿಳೀತದ. ಡಿಕ್ಕಿ ತಗದು ತೋರ್ಸಂತ ಹೇಳ್ರಿ. ಶಿವಾನಿ ಕುರ್ಚಿ ಹಿಡೀಬೇಕಲ್ಲ?"

"ಅಲ್ಲಿ ಹೋದ್ರ ಎಲ್ಲಾ ಕಾಣತದ ತಗೋ," ಅಂದಳು ಶೈಲಾ. "ನಾ ಮನಸ್ಸು ಮಾಡೀನಿ ಇಂದೂ. ದಿಲ್ಲಿಯಾಗ ಇದ್ರೂ ಹೋಗಾಕಿ ನಾನು. ಮಗಳ ಸಲುವಾಗಿ ಇಷ್ಟು ದೂರ ಹೋಗಾಕ ಆಗೂದಿಲ್ಲೇನು?"

ಇಂದೂ ಕೈ ಒರೆಸಿಕೊಂಡಳು. ಶೈಲಾಳ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಟ್ಟು, ನೋಡುವುದು ಹೇಗೆಂದು ಕಲಿಸಿ ಸೊಪ್ಪಿನ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಶಿವಾನಿಯನ್ನು ಇಂದೂಳ ಮನೆಯಲ್ಲಿ ಬಿಟ್ಟು, ಗಂಡ ಹೆಂಡತಿ ಸ್ವಾರಗೇಟ್ ನಿಲ್ದಾಣದಲ್ಲಿ ರಾತ್ರಿ ಬಸ್ಸು ಹತ್ತಿದರು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಸಿದ್ದಾರೂಢನ ಸೊಂಟ ಹಿಡಿದಿತ್ತು. ಶೈಲಾಳ ಚೀಲದಲ್ಲಿ ಒಂದು ದಾರವಿತ್ತು, ಮಡಚಿದ ಕುರ್ಚಿಯ ಉದ್ದಕ್ಕೆ ಕತ್ತರಿಸಿದ್ದು.

ಹುಲಿಗೆಪ್ಪ ಬಾಯ್ತುಂಬ ಕರೆದ. "ಬರ್ರಿ ಅಕ್ಕಾರ, ಬರ್ರಿ ಅಣ್ಣಾರ. ಪುಣೆದಿಂದ ನಮ್ಮನ್ನ ಹುಡಿಕ್ಕೊಂಡು ಬಂದೀರಿ. ಮೊದಲ ನಾಷ್ಟಾ, ಆಮ್ಯಾಲೆ ಗಾಡಿ." ಇಡ್ಲಿ ಬಂತು, ವಡೆ ಬಂತು, ಚಹಾ ಬಂತು. ಊರ ಸುದ್ದಿ, ಬೀಗರ ಸುದ್ದಿ ಆಯಿತು. ಉಂಡ ಮನೆಯಲ್ಲಿ ತಕರಾರು ತೆಗೆಯುವುದು ಹೇಗೆ ಎಂಬ ಸಂಕೋಚ ಆಗಲೇ ಸಿದ್ದಾರೂಢನ ಮುಖದಲ್ಲಿ ಕಾಣುತ್ತಿತ್ತು.

ಗಾಡಿ ತೊಳೆದು ಬಿಸಿಲಿಗೆ ನಿಲ್ಲಿಸಿದ್ದರು. ಚಾವಿ ತಿರುಗಿಸಿದ ಕೂಡಲೇ ಚಾಲೂ ಆಯಿತು. ಸಿದ್ದಾರೂಢನಿಗೆ ಖುಷಿಯಾಯಿತು. ಆದರೆ ಬಾನೆಟ್ ಮೇಲೆ ಕೈ ಇಟ್ಟ ಶೈಲಾಗೆ ಚುರುಕೆಂದಿತು. ಬಿಸಿಲು ಇನ್ನೂ ಅಷ್ಟು ಏರಿರಲಿಲ್ಲ. ತಾವು ಬರುವ ಮೊದಲೇ ಯಾರೋ ಬಹಳ ಹೊತ್ತು ಇಂಜಿನ್ ನಡೆಸಿ ಬಿಸಿ ಮಾಡಿದ್ದರು. ತಣ್ಣಗಿದ್ದಾಗ ಅದು ಹೇಗೆ ಚಾಲೂ ಆಗುತ್ತದೆ ಎಂದು ಈಗ ಯಾರು ಹೇಳಬೇಕು?

"ಡಿಕ್ಕಿ ತಗೀರಿ," ಅಂದಳು.

ಡಿಕ್ಕಿ ತೆರೆದರೆ ಒಳಗೆ ಅಡ್ಡಲಾಗಿ ಗ್ಯಾಸಿನ ಸಿಲಿಂಡರ್ ಕೂತಿತ್ತು. ಉಳಿದ ಜಾಗದಲ್ಲಿ ಒಂದು ತರಕಾರಿ ಚೀಲ ಹಿಡಿದರೆ ಹೆಚ್ಚು. ಶೈಲಾ ಚೀಲದಿಂದ ದಾರ ತೆಗೆದಳು. ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಉದ್ದಕ್ಕೆ ಹಿಡಿದಳು, ಅಡ್ಡಕ್ಕೆ ಹಿಡಿದಳು.

"ನೀವು ಪೆಟ್ರೋಲ್ ಗಾಡಿ ಅಂದಿದ್ರಿ."

"ಪೆಟ್ರೋಲೂ ಓಡತದ, ಗ್ಯಾಸೂ ಓಡತದ. ಡಬಲ್ ಫಾಯದಾ ಅಕ್ಕಾರ! ಬ್ಯಾಡಾದ್ರ ಪುಣೆದಾಗ ಬಿಚ್ಚಿಸ್ರಿ. ಕುರ್ಚಿ ಮ್ಯಾಲ ಕ್ಯಾರಿಯರಿಗೆ ಕಟ್ಟಿದ್ರಾತು."

ಶೈಲಾ ಆ್ಯಪ್ ತೆರೆದು ಗಾಡಿಯ ನಂಬರ್ ಹಾಕಿದಳು. ಅದರಲ್ಲಿ ಒಂದು ಬ್ಯಾಂಕಿನ ಹೆಸರು ಇನ್ನೂ ಇತ್ತು. ಹಳೆಯ ಮಾಲೀಕನ ಸಾಲ ತೀರಿರಲಿಲ್ಲ. ವಿಮೆಯ ಅವಧಿ ಮುಗಿದಿತ್ತು. ಗ್ಯಾಸಿನ ಮಾತೇ ಇರಲಿಲ್ಲ, ಬರೀ ಪೆಟ್ರೋಲ್ ಅಂತ ಇತ್ತು. ಕೇಳಿದರೆ ಹುಲಿಗೆಪ್ಪನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು: ಬ್ಯಾಂಕಿನ ಕಾಗದ ಬರುವ ವಾರ ಬರುತ್ತದೆ, ಎನ್‌ಓಸಿ ತಾನೇ ಕಳಿಸಿಕೊಡುತ್ತಾನೆ, ಇವತ್ತು ಟೋಕನ್ ಅಂತ ಸ್ವಲ್ಪ ಮುಂಗಡ ಕೊಟ್ಟು ಗಾಡಿ ಒಯ್ದರೆ ಸಾಕು.

ಸಿದ್ದಾರೂಢ ಹೆಂಡತಿಯನ್ನು ಬದಿಗೆ ಕರೆದ. "ಇಷ್ಟು ದೂರ ಬಂದೀವಿ ಶೈಲಾ. ರಜಾ ಹಾಕೀನಿ. ಬರಿಗೈಲೆ ಹೆಂಗ ಹೋಗೂದು? ಸಿಲಿಂಡರ್ ಅಲ್ಲೇ ಬಿಚ್ಚಿಸೂಣು."

ಹುಲಿಗೆಪ್ಪನಿಗೂ ಅದೇ ಬೇಕಾಗಿತ್ತು. "ಅಷ್ಟು ದೂರದಿಂದ ಬಂದವರನ್ನ ಹಂಗ ಕಳಸಿದ್ರ ನನಗ ಶೋಭಾ ತರತದ ಏನ್ರಿ? ಸಂಜಿಕ ಇನ್ನೊಂದು ಗಿರಾಕಿ ಬರೂದದ. ನಿಮ್ಮ ಸಲುವಾಗಿ ತಡದೀನಿ."

ಶೈಲಾಳ ಕೈ ಚೀಲದ ಜಿಪ್ಪಿನ ಮೇಲಿತ್ತು. ಗಾಡಿ ಸರಿಯಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಆದರೂ ‘ಬ್ಯಾಡ’ ಎಂಬ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ. ಇಡೀ ರಾತ್ರಿಯ ಪ್ರಯಾಣ ವ್ಯರ್ಥವಾಗುತ್ತದಲ್ಲ ಎನಿಸುತ್ತಿತ್ತು. ಇದೇ ಗಾಡಿ ಮನೆಯ ಹತ್ತಿರ ಇದ್ದಿದ್ದರೆ ಡಿಕ್ಕಿ ತೆರೆದ ಕ್ಷಣವೇ ತಿರುಗಿ ನಡೆಯುತ್ತಿದ್ದಳು.

ಮಗಳಿಗೆ ಫೋನ್ ಹಚ್ಚಿದಳು. "ಕುರ್ಚಿ ಕ್ಯಾರಿಯರಿಗೆ ಕಟ್ಟಬೇಕಂತ ಶಿವಾನಿ. ಆಗತದೇನು?"

"ಕಟ್ಟಾವ್ರು ಯಾರವ್ವಾ? ದಿನಾ ಅಷ್ಟು ಎತ್ತರಕ್ಕ ನೀ ಒಬ್ಬಾಕಿ ಎತ್ತತೀಯೇನು? ಮಳಿ ಬಂದ್ರ ನಾ ತೊಯ್ದ ಕುರ್ಚ್ಯಾಗ ಕೂಡ್ಲೇನು?" ಮತ್ತೆ ಶಿವಾನಿಯೇ ಹೇಳಿದಳು: "ಕುರ್ಚಿ ಹಿಡೀಲಿಲ್ಲಂದ್ರ ಅದು ನಮ್ಮ ಕಾರಲ್ಲ. ಬಂದುಬಿಡ್ರಿ."

ಶೈಲಾ ಚೀಲವನ್ನು ಹೆಗಲಿಗೇರಿಸಿದಳು. "ಹುಲಿಗೆಪ್ಪನವರ, ನಾಷ್ಟಾ ಭಾಳ ಚಲೋ ಇತ್ತು. ಗಾಡಿ ನಮಗ ಬ್ಯಾಡ್ರಿ."

ಅವನ ಮುಖ ಕಪ್ಪಿಟ್ಟಿತು. ಏನೇನೋ ಅಂದ. ಶೈಲಾ ನಿಂತು ಕೇಳಲಿಲ್ಲ. ಗೇಟು ದಾಟುವ ತನಕ ತಿರುಗಿ ನೋಡಲಿಲ್ಲ. ಮರಳುವ ಬಸ್ಸು ಬೆಳಗಾವಿ ದಾಟಿತು. ಆಮೇಲೆ ಸಿದ್ದಾರೂಢನೇ ಅಂದ: "ನಾ ಆಗಿದ್ರ ಟೋಕನ್ ಕೊಟ್ಟುಬಿಡ್ತಿದ್ದೆ ನೋಡು."

"ನಾನೂ ಕೊಡಾಕಿನ ಇದ್ದೆ," ಅಂದಳು ಶೈಲಾ.

ಮರುದಿನ ಅವಳೇ ಇಂದೂಳ ಮೆಟ್ಟಿಲ ಮೇಲೆ ಹೋಗಿ ಕೂತಳು. "ಹೋಗಬಾರದಿತ್ತು ಅಂತ ಹೇಳು ಇಂದೂ. ಬೈ."

"ಬೈಯೂದೇನದ? ಬರಿಗೈಲೆ ಬಂದ್ರಲ್ಲ, ಅದ ದೊಡ್ಡದು."

ಸಿದ್ದಾರೂಢನೂ ಬಾಗಿಲಿಗೆ ಬಂದು ನಿಂತಿದ್ದ. "ಹಂಗಾರ ಎಷ್ಟು ದೂರ ಹೋಗಬೇಕವಾ? ಒಂದು ಲೆಕ್ಕ ಬೇಕಲ್ಲ."

"ಕಿಲೋಮೀಟರಿನಾಗ ಹೇಳಾಕ ಬರೂದಿಲ್ಲ ಅಣ್ಣಾರ. ಎರಡನೇ ಸಲ ಹೋಗಾಕ ಬ್ಯಾಸರ ಆಗಬಾರದು, ಅಷ್ಟು ದೂರ. ನಮ್ಮ ಗ್ಯಾರೇಜಿನವನು ಜೋಡಿ ಬರಬೇಕು, ಅಷ್ಟು ದೂರ. ಗಾಡಿ ಯಾರ ಸಲುವಾಗಿ ತಗೋತೀವಿ, ಅವರನ್ನ ಕೂಡಿಸಿ ನೋಡಬೇಕು, ಅಷ್ಟು ದೂರ."

"ಅದರಾಚೆ ಹೋಗಲೇಬಾರದೇನು?"

"ಬೇಕಾದ ಗಾಡಿ ಇಲ್ಲಿ ಸಿಗೂದ ಇಲ್ಲಂದ್ರ ಹೋಗಬೇಕು. ಆದ್ರ ಬಸ್ಸು ಹತ್ತೂ ಮೊದಲ ಕಾಗದ ಎಲ್ಲಾ ನೋಡಿರಬೇಕು. ಆ ಊರಾಗಿನ ಬ್ಯಾರೆ ಮೆಕ್ಯಾನಿಕ್‌ಗೆ ರೊಕ್ಕ ಕೊಟ್ಟು ಗಾಡಿ ತೋರ್ಸಿರಬೇಕು. ಮಾರಾವ ಹೇಳಿದ ಮೆಕ್ಯಾನಿಕ್ ಅಲ್ಲ ಮತ್ತ, ನೀವು ಹುಡಿಕಿದವ. ಗಾಡಿ ನೋಡೂಕಿಂತ ಮೊದಲ ಟೋಕನ್ ಕಳಸಬಾರದು. ಬ್ಯಾಡಾದ್ರ ಬಿಟ್ಟು ಬರ್ತೀವಿ ಅಂತ ಮನಿಯಾಗ ಮಾತಾಡಿಕೊಂಡ ಹೋಗಬೇಕು."

ಶೈಲಾ ಈಗ ಬೇರೆ ರೀತಿ ಹಟ ಹಿಡಿದಳು. ಜಾಹೀರಾತು ನೋಡಿದ ಕೂಡಲೇ ಫೋನ್ ಮಾಡುತ್ತಿದ್ದಳು. ನಂಬರ್ ಕೇಳಿ ಆ್ಯಪಿನಲ್ಲಿ ನೋಡುತ್ತಿದ್ದಳು. ಡಿಕ್ಕಿ ತೆರೆದು ಅಳತೆ ಹೇಳಿ ಅನ್ನುತ್ತಿದ್ದಳು. ಕೆಲವರು ಫೋನ್ ಇಟ್ಟುಬಿಡುತ್ತಿದ್ದರು. ಇಟ್ಟರೆ ಇಡಲಿ, ಒಂದು ಪ್ರಯಾಣ ಉಳಿಯಿತು. ಪುಣೆಯೊಳಗೇ ಹಡಪಸರದ ಗಾಡಿಯೊಂದನ್ನು ನೋಡಿ ಬಿಟ್ಟರು, ಕೋಥ್ರುಡದ್ದನ್ನೂ ಬಿಟ್ಟರು. ಎರಡೂ ಸಲ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಬಿಡುವುದು ಕಷ್ಟವೆನಿಸಲಿಲ್ಲ.

ಕೊನೆಗೆ ಪುಣೆಯಿಂದ ಗಂಟೆಯ ದಾರಿಯ ಸಾಸವಡದಿಂದ ಒಂದು ಗಾಡಿಯ ಸುದ್ದಿ ಬಂತು. ನಿವೃತ್ತ ಶಿಕ್ಷಕಿ ಗೋದಾಬಾಯಿಯವರದು. ಕಣ್ಣು ಮಂಜಾದ ಮೇಲೆ ಅವರು ಗಾಡಿ ನಡೆಸುವುದನ್ನು ಬಿಟ್ಟಿದ್ದರು. ಪುಣೆಯದೇ ನಂಬರ್, ಸಾಲವಿಲ್ಲ, ವಿಮೆ ನಡೆದಿತ್ತು. ಡಿಕ್ಕಿ ಖಾಲಿ. ಶೈಲಾ ಫೋನಿನಲ್ಲೇ ಮರಾಠಿಯಲ್ಲಿ ಕೇಳಿಕೊಂಡಳು: "ನಾವು ಬರುವ ತನಕ ಗಾಡಿ ಚಾಲೂ ಮಾಡಬೇಡಿ ಗೋದಾಬಾಯಿಯವರೇ."

ಸಿದ್ದಾರೂಢನ ಸ್ಕೂಟರ್ ರಿಪೇರಿ ಮಾಡುವ ಗ್ಯಾರೇಜಿನ ಸ್ವಪ್ನಿಲ್‌ನನ್ನು ಕರೆದುಕೊಂಡು, ಬಾಡಿಗೆ ಗಾಡಿಯಲ್ಲಿ ಶಿವಾನಿಯನ್ನೂ ಕೂಡಿಸಿಕೊಂಡು ಎಲ್ಲರೂ ದಿವೆ ಘಾಟ್ ಹತ್ತಿ ಹೋದರು. ಇಂಜಿನ್ ತಣ್ಣಗಿತ್ತು, ಆದರೂ ಮೊದಲ ಸಲಕ್ಕೇ ಚಾಲೂ ಆಯಿತು. ಮಡಚಿದ ಕುರ್ಚಿ ಡಿಕ್ಕಿಯೊಳಗೆ ಸಲೀಸಾಗಿ ಕೂತಿತು. ಶಿವಾನಿ ತಾನೇ ಕೈಯೂರಿ ಕುರ್ಚಿಯಿಂದ ಮುಂದಿನ ಸೀಟಿಗೆ ಸರಿದಳು. "ಬಾಗಿಲಾ ಪೂರಾ ತೆರೀತದ ಅವ್ವಾ," ಅಂದಳು. ಕೂತಲ್ಲೇ ಅದನ್ನು ಇನ್ನೊಮ್ಮೆ ತೆರೆದು ಮುಚ್ಚಿದಳು.

ಆದರೆ ಸ್ವಪ್ನಿಲ್ ಬ್ರೇಕ್ ಒತ್ತಿ ನೋಡಿ ಅಡ್ಡಡ್ಡ ತಲೆಯಾಡಿಸಿದ. ಬ್ರೇಕ್ ಸವೆದಿದೆ, ಮುಂದಿನ ಟೈರು ಒಂದೇ ಬದಿಗೆ ತೇದಿದೆ, ಇವನ್ನು ಸರಿಪಡಿಸದೆ ಘಾಟ್ ಇಳಿಸಬೇಡಿ ಅಂದ. ಗೋದಾಬಾಯಿಗೆ ಅದು ಗೊತ್ತಿರಲಿಲ್ಲ. ಮಾಡಿಸಿ ಇಡುತ್ತೇನೆ ಎಂದರು.

"ಟೋಕನ್ ಕೊಟ್ಟು ಹೋಗೂಣೇನು?" ಸಿದ್ದಾರೂಢ ಪಿಸುಗುಟ್ಟಿದ. "ಬ್ಯಾರೇದವ್ರು ಒಯ್ದ್ರ?"

"ಒಯ್ದ್ರ ಒಯ್ಲಿ. ಬ್ರೇಕ್ ಸರಿ ಆದದ್ದನ್ನ ನೋಡೂತನಕ ನಾ ಕೊಡಂಗಿಲ್ಲ," ಅಂದಳು ಶೈಲಾ. ಶಿವಾನಿಗೆ ಆ ಗಾಡಿ ಎಷ್ಟು ಹಿಡಿಸಿದೆ ಎಂದು ಅವಳಿಗೆ ಕಂಡಿತ್ತು. ಹಿಡಿಸಿತ್ತೆಂದೇ ಇನ್ನಷ್ಟು ಗಟ್ಟಿಯಾದಳು.

ವಾರ ಕಳೆದು ಮತ್ತೆ ಹೋದರು. ಸ್ವಪ್ನಿಲ್ ಗಾಡಿಯಡಿ ನುಸುಳಿ ನೋಡಿದ, ಘಾಟಿನಲ್ಲಿ ಏರಿಸಿ ಇಳಿಸಿ ನೋಡಿದ. ಈಗ ಅವನ ತಲೆ ಬೇರೆ ರೀತಿ ಆಡಿತು. ಹಣ ಬ್ಯಾಂಕಿನ ಮೂಲಕ ಗೋದಾಬಾಯಿಯವರ ಖಾತೆಗೇ ಹೋಯಿತು. ಹೆಸರು ಬದಲಿಸುವ ಅರ್ಜಿಗೆ ಸಹಿಯಾಯಿತು. ವಿಮೆಯನ್ನು ಶೈಲಾಳ ಹೆಸರಿಗೆ ಮಾಡಿಸುವ ಕೆಲಸವನ್ನು ಇಂದೂ ತಾನೇ ನಿಂತು ಮುಗಿಸಿದಳು.

ಈಗ ಬೆಳಿಗ್ಗೆ ಶೈಲಾ ಮಗಳನ್ನು ಕಾಲೇಜಿಗೆ ಬಿಟ್ಟು ಬರುತ್ತಾಳೆ. ಸಿಗ್ನಲ್ಲಿನಲ್ಲಿ ಇನ್ನೂ ಒಮ್ಮೊಮ್ಮೆ ಗಾಡಿ ಬಂದ್ ಬೀಳುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಪಕ್ಕದ ಸೀಟಿನಲ್ಲಿ ಶಿವಾನಿ ಗಾಜು ಇಳಿಸಿ, "ತಡೀರಿ, ನಮ್ಮವ್ವ ಕಲ್ಯಾಕ ಹತ್ಯಾಳ!" ಎಂದು ಕನ್ನಡದಲ್ಲೇ ಕೂಗುತ್ತಾಳೆ. ಯಾರಿಗೂ ತಿಳಿಯುವುದಿಲ್ಲ. ತಾಯಿ ಮಗಳು ನಗುತ್ತಾ ಮುಂದೆ ಹೋಗುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಳೇ ಕಾರು ಹುಡುಕುತ್ತಿರಬಹುದು. ಮೊಬೈಲಿನಲ್ಲಿ ದೂರದ ಊರಿನ ಸೋವಿ ಗಾಡಿ ಕಂಡಿರಬಹುದು. ಹೋಗುವ ಮೊದಲು ಮನೆಯವರೆಲ್ಲ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇಕಾದರೆ ಇನ್ನೊಂದು ಸಲ ಅಲ್ಲಿಗೆ ಹೋಗಿ ಬರುತ್ತೇವೆಯೇ? ಇಲ್ಲವೆಂದಾದರೆ ಮೊದಲು ನಂಬರ್ ತರಿಸಿ, ಸಾಲ, ವಿಮೆ, ನೋಂದಣಿ ನೋಡಿ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಓಸಿ ಮತ್ತು ತೆರಿಗೆಯ ಖರ್ಚನ್ನೂ ಕೂಡಿಸಿ ಬೆಲೆ ಹಿಡಿಯಿರಿ. ತಣ್ಣಗಿನ ಇಂಜಿನ್ನನ್ನು ಹಗಲು ಬೆಳಕಿನಲ್ಲಿ, ನಿಮ್ಮ ಮೆಕ್ಯಾನಿಕ್ ಜೊತೆ ನೋಡಿ. ಮನಸ್ಸಿಗೆ ಬರದಿದ್ದರೆ, ಎಷ್ಟೇ ದೂರ ಬಂದಿದ್ದರೂ, ಎಷ್ಟೇ ಚಹಾ ಕುಡಿದಿದ್ದರೂ, ಬೇಡ ಎಂದು ಹೇಳಿ ಎದ್ದು ಬನ್ನಿ. ಬಸ್ಸಿನ ಟಿಕೆಟ್ ಹೋದರೆ ಹೋಗಲಿ. ನಿಮ್ಮ ಮನೆಯವರು ದಿನಾ ಕೂರುವ ಗಾಡಿ ಅದು.