ನೋಡಿ ಕೊಳ್ಳಲಾಗುತ್ತದೆ

ರಾತ್ರಿ ಎರಡೂವರೆಗೆ ತೊಟ್ಟಿಲಿನಿಂದ ‘ಚಪ್’ ಎಂದು ಒಂದು ಸಣ್ಣ ಸದ್ದು ಬಂತು. ಬೇರೆ ಯಾರ ಕಿವಿಗೂ ಬೀಳದಷ್ಟು ಸಣ್ಣದು. ಐದು ತಿಂಗಳ ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತ್ತು, ಅಷ್ಟೆ. ಆದರೆ ಕೊಂಬಕ್ಕನಿಗೆ ಅಷ್ಟೇ ಸಾಕಾಗಿತ್ತು. ಎದ್ದು ಕೂತು, ಇನ್ನೊಂದು ‘ಚಪ್’ ಬರುತ್ತದೆಯೇ ಎಂದು ಕಾದಳು. ಬಂದರೆ ಯಾಕೆ ಬಂತು ಎಂಬ ಚಿಂತೆ, ಬಾರದಿದ್ದರೆ ಯಾಕೆ ಬರಲಿಲ್ಲ ಎಂಬ ಚಿಂತೆ. ಮಗು ಗಡದ್ದಾಗಿ ಮಲಗಿತ್ತು. ತಾಯಿ ಮಾತ್ರ ಕಿಟಕಿ ಬೆಳ್ಳಗಾಗುವ ತನಕ ಮುಂದಿನ ಸದ್ದಿನ ದಾರಿ ನೋಡುತ್ತಿದ್ದಳು. ಐದು ತಿಂಗಳಿಂದ ಅವಳ ರಾತ್ರಿಗಳೆಲ್ಲ ಹೀಗೇ.

ಕೊಂಬಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವಳದು ಕರಡು ತಿದ್ದುವ ಕೆಲಸ. ‘ಹಸು ಹುಲ್ಲು ತಿನ್ನುತ್ತದೆ’ ಎಂಬಲ್ಲಿ ಒಂದು ಕೊಂಬು ಬಿದ್ದುಹೋಗಿ, ನಲವತ್ತು ಸಾವಿರ ಪ್ರತಿಗಳಲ್ಲಿ ಹಸು ಹಲ್ಲು ತಿನ್ನುವುದರಲ್ಲಿತ್ತು. ಕೊನೇ ಗಳಿಗೆಯಲ್ಲಿ ಹಿಡಿದವಳು ಇವಳು. ಅವತ್ತಿನಿಂದ ಆ ಹೆಸರು ಅಂಟಿತು. ಮೆಚ್ಚಿದವರೂ ಹಾಗೇ ಕರೆದರು, ‘ಅವಳಿಗೇನು ಕೊಂಬು ಬಂದಿದೆಯಾ’ ಎಂದು ಗೊಣಗುವವರೂ ಹಾಗೇ ಕರೆದರು. ಕೊನೆಗೆ ಗಂಡನೂ ಕರೆಯತೊಡಗಿದ. ಮಗಳಿಗೆ ಮನೆಯಲ್ಲಿ ‘ಸೊನ್ನೆ’ ಎಂದು ಹೆಸರು. ಅಕ್ಷರದ ಪಕ್ಕದ ಸೊನ್ನೆಯಷ್ಟೇ ದುಂಡಗಿನ ಮುಖ ಅದರದು.

ಇವತ್ತು ಶನಿವಾರ. ಸೋಮವಾರ ಒಂಬತ್ತಕ್ಕೆ ಕುರ್ಚಿಯಲ್ಲಿ ಕಾಣಿಸದಿದ್ದರೆ ಬೇರೆಯವರನ್ನು ಕೂರಿಸುತ್ತೇನೆಂದು ಪ್ರೆಸ್ಸಿನ ಯಜಮಾನರು ಮೆತ್ತಗೆ ಹೇಳಿದ್ದರು. ಅವರು ಜೋರಾಗಿ ಹೇಳಿದ್ದಾಗಿದ್ದರೆ ಇವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅಮ್ಮನಿಗೆ ಮಂಡಿನೋವು, ಅತ್ತೆಗೆ ಇನ್ನೂ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮಗುವನ್ನು ಯಾರ ಕೈಗೆ ಕೊಡುವುದೆಂದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು.

ದೊಡ್ಡ ಕೇಂದ್ರವನ್ನು ಶುಕ್ರವಾರವೇ ನೋಡಿಯಾಗಿತ್ತು. ಎರಡು ಮಹಡಿ, ಗಾಜಿನ ಗೋಡೆ, ಗೋಡೆಗೊಂದು ಕ್ಯಾಮೆರಾ, ಶೂ ಬಿಚ್ಚಲು ಒಂದು ಕೋಣೆ, ಕೈ ತೊಳೆಯಲು ಇನ್ನೊಂದು. ಅವರು ಕೊಟ್ಟ ಪುಸ್ತಿಕೆಯನ್ನು ಕೊಂಬಕ್ಕ ಮೂರು ಸಲ ಓದಿದಳು. ಒಂದೇ ಒಂದು ತಪ್ಪಿರಲಿಲ್ಲ. ಕೈಯಲ್ಲಿದ್ದ ಕೆಂಪು ಪೆನ್ನಿಗೆ ಕೆಲಸವಿಲ್ಲದೆ ಅವಳಿಗೆ ಒಂಥರಾ ಇರುಸುಮುರುಸಾಯಿತು.

“ಮಗು ಏನೇ ಮಾಡಿದ್ರೂ ಸಮಯ ಸಮೇತ ನಿಮ್ಮ ಫೋನಿಗೆ ಬರುತ್ತೆ,” ಎಂದಳು ಅಲ್ಲಿನ ಮ್ಯಾನೇಜರ್. “ಹಾಲು, ನಿದ್ದೆ, ಡೈಪರ್. ಇಡೀ ದಿನ ಕ್ಯಾಮೆರಾದಲ್ಲಿ ನೋಡ್ತಾ ಇರಬಹುದು. ನಿಮ್ಮ ಮಗುದು ಹದಿನೇಳನೇ ತೊಟ್ಟಿಲು. ಮನೇಲಿ ಏನಂತ ಕರೀತೀರಾ?”

“ಸೊನ್ನೆ.”

ಮ್ಯಾನೇಜರ್ ಮುಖ ಗಂಭೀರವಾಯಿತು. “ಇಲ್ಲ ಮೇಡಂ, ನಮ್ಮಲ್ಲಿ ಒಂದರಿಂದ ಶುರು.”

ಕೊಂಬಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ಅಲ್ಲಿ ನೋಡಿದ್ದು ಲಿಫ್ಟನ್ನು ಮಾತ್ರ. ಬೆಳಗ್ಗೆ ಕಾಫಿ ಕುಡಿಯುತ್ತಾ ಅದನ್ನೇ ಎತ್ತಿದ.

“ಕೇಂದ್ರಕ್ಕೇ ಹಾಕ್ಬಿಡೋಣ. ಲಿಫ್ಟು ಎಷ್ಟು ನುಣ್ಣಗೆ ನಿಲ್ಲುತ್ತೆ ಅಂದ್ರೆ, ಹೊಟ್ಟೆಗೆ ಗೊತ್ತೇ ಆಗಲ್ಲ.”

“ಮಗು ಲಿಫ್ಟಲ್ಲಿ ಬೆಳೆಯಲ್ಲ ಕಣ್ರೀ. ಇಡೀ ದಿನ ಕ್ಯಾಮೆರಾ ಇರುತ್ತೆ ಅಂದ್ರು. ನಾನು ಇಡೀ ದಿನ ನೋಡ್ತೀನಿ. ಆಮೇಲೆ ಆ ಹಸು ಏನು ತಿನ್ನುತ್ತೋ ದೇವರಿಗೇ ಗೊತ್ತು.”

“ಹಾಗಾದ್ರೆ ಕಂಡಕ್ಟರಮ್ಮನ ಮನೆ. ಎರಡೇ ಬೀದಿ.”

“ಅವರ ಬೋರ್ಡ್ ನೋಡಿದೀರಾ?”

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾಗಿದ್ದ ಕಂಡಕ್ಟರಮ್ಮ ಈಗ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಗೇಟಿನ ಬೋರ್ಡನ್ನು ಡಿಪೋದ ಪೇಂಟರ್ ಬರೆದುಕೊಟ್ಟಿದ್ದ. ‘ನೋಡಿ’ ಎಂದು ಬರೆದವನು ಟೀ ಕುಡಿಯಲು ಹೋದನೋ ಏನೋ, ಬಂದು ಎರಡು ಬೆರಳು ಆಚೆಯಿಂದ ಶುರು ಮಾಡಿದ್ದ: ‘ಇಲ್ಲಿ ಮಕ್ಕಳನ್ನು ನೋಡಿ ಕೊಳ್ಳಲಾಗುತ್ತದೆ.’

“ತರಕಾರಿ ಥರ ಮಕ್ಕಳನ್ನ ನೋಡಿ, ಆರಿಸಿ, ಕೊಳ್ತಾರಂತೆ!” ಎಂದಳು ಕೊಂಬಕ್ಕ.

ಗಂಡ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದ. “ಎರಡು ಬೆರಳು ಜಾಗಕ್ಕೆ ಮಗು ಭವಿಷ್ಯ ನಿರ್ಧಾರ ಮಾಡ್ತೀಯಾ ಮಾರಾಯ್ತಿ? ಹೋಗಿ ನೋಡ್ಕೊಂಡು ಬಾ. ಕೇಂದ್ರದವರು ಐದು ಗಂಟೆವರೆಗೂ ಆ ತೊಟ್ಟಿಲು ಇಟ್ಟಿರ್ತಾರೆ.”

ಅವನು ಕೆಲಸಕ್ಕೆ ಹೋದ. ನಲವತ್ಮೂರು ಪ್ರಶ್ನೆಗಳ ಪಟ್ಟಿ ಮತ್ತು ಮಗುವನ್ನು ಎತ್ತಿಕೊಂಡು ಹನ್ನೆರಡಕ್ಕೆ ಕೊಂಬಕ್ಕ ಆ ಗೇಟು ತೆರೆದಳು.

“ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ!” ಎಂದು ಒಳಗಿನಿಂದ ಕೂಗು ಬಂತು. “ಮುಂದೆ ಜಾಗ ಇದೆ.”

ಒಂದೇ ಉದ್ದನೆಯ ಕೋಣೆ. ಒಂದು ಬದಿಗೆ ನೆಲದ ಮೇಲೆ ಉದ್ದಕ್ಕೂ ಹಾಸಿಗೆ. ಎರಡು ವರ್ಷದ ಅವಳಿ ಹುಡುಗಿಯರು ಡಬ್ಬಿಯ ಮೇಲೆ ಡಬ್ಬಿ ಪೇರಿಸುತ್ತಿದ್ದರು. ಚಮಚ ಕಚ್ಚಿಕೊಂಡ ಇನ್ನೊಂದು ಕೂಸು ಅದನ್ನು ಬೀಳಿಸಲು ತೆವಳಿ ಬರುತ್ತಿತ್ತು. ನಡುವೆ ನಿಂತ ಕಂಡಕ್ಟರಮ್ಮ ಎದೆಗೊಂದು ಅಡ್ಡ ಚೀಲ ತೂಗುಹಾಕಿಕೊಂಡಿದ್ದಳು. ಅದರಲ್ಲಿ ಈಗ ಟಿಕೆಟ್ ಬದಲು ಒರೆಸುವ ಬಟ್ಟೆಗಳು.

“ಒಂದು, ಎರಡು, ಮೂರು,” ಎಂದು ತಲೆ ಎಣಿಸಿ, ಸೊನ್ನೆಯತ್ತ ಬೆರಳು ತೋರಿಸಿ, “ನಾಲ್ಕು. ರೈಟ್!” ಎಂದಳು. “ಅಭ್ಯಾಸಬಲ ಕಣಮ್ಮಾ. ಎರಡು ನಿಮಿಷಕ್ಕೊಂದು ಸಲ ಎಣಿಸ್ದೇ ಇದ್ರೆ ಸಮಾಧಾನ ಆಗಲ್ಲ. ಕೇಳಿ, ಏನು ಕೇಳ್ಬೇಕೋ.”

“ಮಗುಗೆ ಜ್ವರ ಬಂದ್ರೆ?”

“ನಿಮಗೆ ಫೋನು. ನೀವು ಎತ್ತದಿದ್ರೆ ನಿಮ್ಮೆಜಮಾನರಿಗೆ. ಅವರೂ ಎತ್ತದಿದ್ರೆ ಎತ್ಕೊಂಡು ಡಾಕ್ಟರ ಹತ್ರ, ಎದುರುಮನೆ. ಮುಂದಿನದು.”

“ಒಟ್ಟೊಟ್ಟಿಗೆ ಎಲ್ಲಾ ಅತ್ರೆ?”

“ಬೆಳಗಿನ ಬಸ್ಸಲ್ಲಿ ತೊಂಬತ್ತು ಜನ ಚಿಲ್ಲರೆಗೆ ಒಟ್ಟೊಟ್ಟಿಗೆ ಕೂಗೋರು. ಇವು ನಾಲ್ಕು. ಚಿಲ್ಲರೇನೂ ಕೇಳಲ್ಲ.”

ಎಂಟನೇ ಪ್ರಶ್ನೆಯ ಹೊತ್ತಿಗೆ ಸೊನ್ನೆ ಕಂಡಕ್ಟರಮ್ಮನ ಹೆಗಲ ಮೇಲಿತ್ತು. ಯಾವಾಗ ದಾಟಿಹೋಯಿತೋ ತಾಯಿಗೆ ತಿಳಿಯಲೇ ಇಲ್ಲ. ಒಂಬತ್ತನೆಯದು: ಹಾಸಿಗೆ ಎಷ್ಟು ಮೆತ್ತಗಿದೆ?

“ನೀವೇ ಒತ್ತಿ ನೋಡಿ.”

ಕೊಂಬಕ್ಕ ಅಂಗೈ ಊರಿ ನೋಡಿದಳು. ಅಂಗೈಗೆ ಸರಿಯಾಗಿ ತಿಳಿಯಲಿಲ್ಲವೆಂದು ಮೊಣಕೈ ಊರಿದಳು. ಹತ್ತನೆಯದು: ಮಲಗಿದ ಮಗುವಿನ ಕಣ್ಣಿಗೆ ಏನು ಕಾಣುತ್ತದೆ? ಇದನ್ನು ಕೂತು ನೋಡುವ ಹಾಗಿಲ್ಲ. ತಲೆ ಇಟ್ಟು ನೋಡಿದಳು. ಸೂರು ಬೆಳ್ಳಗಿತ್ತು. ಬಿರುಕಿರಲಿಲ್ಲ. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಸದ್ದು ಮಾಡುತ್ತದೆಯೇ ಎಂದು ಕಿವಿಗೊಟ್ಟಳು. ಫ್ಯಾನಿನದು ಕೇಳಿಸಲಿಲ್ಲ, ಕಂಡಕ್ಟರಮ್ಮನದು ಕೇಳಿಸಿತು.

“ಒಂದು, ಎರಡು, ಮೂರು, ನಾಲ್ಕು. ರೈಟ್.”

ಐದು ತಿಂಗಳಿಂದ ಈ ಎಣಿಕೆ ಅವಳೊಬ್ಬಳದೇ ಆಗಿತ್ತು. ಉಸಿರು ಎಣಿಸಿದ್ದಳು, ಹಾಲಿನ ಗುಟುಕು ಎಣಿಸಿದ್ದಳು, ಸದ್ದುಗಳ ನಡುವಿನ ನಿಮಿಷ ಎಣಿಸಿದ್ದಳು. ಈಗ ಬೇರೆ ಯಾರೋ ಎಣಿಸುತ್ತಿದ್ದರು, ಲೆಕ್ಕ ಸರಿಯಾಗಿಯೂ ಬರುತ್ತಿತ್ತು. ಹನ್ನೊಂದನೇ ಪ್ರಶ್ನೆ ಏನೆಂದು ನೆನಪಿಸಿಕೊಳ್ಳುತ್ತಿದ್ದಾಗ ಎಲ್ಲೋ ದೂರದಿಂದ “ಐದು, ರೈಟ್” ಎಂದು ಕೇಳಿಸಿತು. ಈ ಐದನೆಯದು ಯಾರು ಎಂದು ವಿಚಾರಿಸಬೇಕೆಂದುಕೊಂಡಳು.

“ಏಳಿ ಅಮ್ಮಾ, ನಿಮ್ಮ ಸ್ಟಾಪ್ ಬಂತು.”

ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು. ಮೈಮೇಲೆ ಬಾತುಕೋಳಿ ಚಿತ್ರದ ಪುಟ್ಟ ಹೊದಿಕೆ, ಎದೆಯಿಂದ ಮಂಡಿಯ ತನಕ ಮಾತ್ರ. ಕೈಯಲ್ಲೊಂದು ಚಮಚ. ಅದನ್ನು ಯಾರು ಕೊಟ್ಟಿದ್ದೆಂದು ಎದುರಿಗೆ ಕೂತು ನಗುತ್ತಿದ್ದ ಕೂಸೇ ಹೇಳುವಂತಿತ್ತು. ಗಲ್ಲದ ಮೇಲೆ ಜೊಲ್ಲು. ಕೊಂಬಕ್ಕ ಧಡಕ್ಕನೆ ಎದ್ದಳು.

“ಮಗು! ಹಾಲು!”

“ನಿಮ್ಮ ಚೀಲದಲ್ಲಿದ್ದ ಬಾಟಲಿ ಎರಡು ಗಂಟೆಗೆ ಕುಡೀತು, ಆಟ ಆಡ್ತು, ಒಂದು ನಿದ್ದೆ ಹೊಡೀತು. ಈಗ ಮತ್ತೆ ಹಸಿವು, ಅದಕ್ಕೇ ಎಬ್ಬಿಸ್ದೆ.” ಕಂಡಕ್ಟರಮ್ಮ ಮಗುವನ್ನು ಮಡಿಲಿಗಿಟ್ಟಳು. “ತಾಯಿ ಗೊರಕೆಗೊಂದು ಬಿಟ್ರೆ ಮಗು ಯಾವುದಕ್ಕೂ ಬೆಚ್ಚಲ್ಲ.”

ಕೊಂಬಕ್ಕನ ಕಿವಿ ಕೆಂಪಾಯಿತು. “ದಯವಿಟ್ಟು ಇದನ್ನ ಯಾರಿಗೂ…”

“ಇಪ್ಪತ್ತೆಂಟು ವರ್ಷ! ನನ್ನ ಬಸ್ಸಲ್ಲಿ ಯಾರ್ಯಾರು ಬಾಯಿ ಬಿಟ್ಕೊಂಡು ನಿದ್ದೆ ಮಾಡಿದಾರೆ, ಯಾರ್ಯಾರು ಪಕ್ಕದೋರ ಹೆಗಲ ಮೇಲೆ ಜೊಲ್ಲು ಸುರಿಸಿದಾರೆ, ಒಬ್ಬರ ಹೆಸರಾದ್ರೂ ಬಾಯಿ ಬಿಟ್ಟಿದೀನಾ? ಸೋಮವಾರ ಎಷ್ಟು ಗಂಟೆಗೆ ಬರ್ತೀರಾ?”

ಪಟ್ಟಿಯಲ್ಲಿ ಇನ್ನೂ ಮೂವತ್ಮೂರು ಪ್ರಶ್ನೆಗಳಿದ್ದವು. ಕೊಂಬಕ್ಕ ಅದನ್ನು ನಾಲ್ಕು ಮಡಿಕೆ ಮಡಚಿದಳು. “ಎಂಟೂವರೆಗೆ,” ಎಂದಳು.

ಹೊರಗೆ ಬಂದವಳ ಕಣ್ಣಿಗೆ ಬೋರ್ಡು ಬಿತ್ತು. ಮಗಳನ್ನು ಬಿಡುವ ಜಾಗದಲ್ಲಿ ತಪ್ಪು ಉಳಿಸುವುದು ಹೇಗೆ? ಕೆಂಪು ಪೆನ್ನು ತೆಗೆದು, ‘ನೋಡಿ’ಗೂ ‘ಕೊಳ್ಳಲಾಗುತ್ತದೆ’ಗೂ ನಡುವೆ, ‘ಕೂಡಿಸಿ’ ಎಂಬ ಕರಡಿನ ಗುರುತಾಗಿ ಮೇಲೊಂದು ಕೆಳಗೊಂದು ಕಮಾನು ಎಳೆದಳು.

“ಅದೇನಮ್ಮಾ ಗೀಚ್ತಿದೀರಾ?” ಎಂದು ಕಿಟಕಿಯಿಂದ ಕೇಳಿಬಂತು.

“ಇಲ್ಲೊಂದು ಜಾಗ ಖಾಲಿ ಇತ್ತು, ಮುಚ್ಚಿದೆ.”

“ಅಯ್ಯೋ, ಮುಚ್ಚಬೇಡಿ! ಇನ್ನೊಂದು ಮಗು ಹಿಡಿಸುತ್ತೆ!”

ಮಗುವಿನ ನಿದ್ದೆಗೆಂದು ಸದ್ದು ಅಡಗಿಸಿಟ್ಟಿದ್ದ ಫೋನಿನಲ್ಲಿ ಗಂಡನ ಹನ್ನೊಂದು ಕರೆಗಳಿದ್ದವು. ಹನ್ನೆರಡನೆಯದನ್ನು ಎತ್ತಿದಳು.

“ಎಲ್ಲಿ ಹೋಗಿದ್ಯೇ? ಜೀವ ಬಾಯಿಗೆ ಬಂದಿತ್ತು!”

“ಹನ್ನೆರಡರಿಂದ ಕಂಡಕ್ಟರಮ್ಮನ ಮನೇಲಿ. ತಪಾಸಣೆ ಮಾಡ್ತಿದ್ದೆ. ಕೇಂದ್ರಕ್ಕೆ ಫೋನ್ ಮಾಡಿ ಬೇಡ ಅಂದ್ಬಿಡಿ.”

“ನಾಲ್ಕು ಗಂಟೆ ಹೊತ್ತು ತಪಾಸಣೆ?”

“ಕೂಲಂಕಷವಾಗಿ.”

“ಮಲಗಿಸೋ ಜಾಗ ಸರಿಯಾಗಿ ನೋಡಿದ್ಯಾ?”

“ಅದನ್ನೇ ಜಾಸ್ತಿ ಹೊತ್ತು ನೋಡಿದೆ.”

ಗಂಡನಿಗೆ ಹೆಮ್ಮೆಯಾಯಿತು. “ಕೊಂಬಕ್ಕ ಅಂದ್ರೆ ಕೊಂಬಕ್ಕನೇ! ನಿನ್ನ ಕಣ್ಣು ತಪ್ಪಿಸೋಕೆ ಯಾರಿಂದಾಗುತ್ತೆ? ಅಮ್ಮನಿಗೂ ಹೇಳ್ತೀನಿ ತಾಳು.”

ಕೆನ್ನೆಯ ಮೇಲೆ ಹಾಸಿಗೆಯ ಹೊಲಿಗೆಯ ಗೆರೆ ಇನ್ನೂ ಉಳಿದಿತ್ತು. ಬೆರಳಿನಿಂದ ತಿಕ್ಕಿದರೂ ಹೋಗಲಿಲ್ಲ. ಮನೆ ಮುಟ್ಟುವುದರೊಳಗೆ ಹೋದರೆ ಸಾಕು ಎಂದುಕೊಂಡು, ಹತ್ತಿರದ ದಾರಿ ಬಿಟ್ಟು ಸುತ್ತುಬಳಸಿ ಹೊರಟಳು. ಸೊನ್ನೆ ಹೆಗಲ ಮೇಲೆ ‘ಚಪ್’ ಎಂದಿತು.

“ನೀನೂ ಅಷ್ಟೇ,” ಎಂದಳು ಕೊಂಬಕ್ಕ. “ಮಾತು ಬಂದ ಮೇಲೂ ಹೇಳಕೂಡದು.”